ತಸ್ಬೀಹ್ ಇಲ್ಲದೆ ಓಡಾಡುವ ಬೆರಳುಗಳು

ಟೇಕಲ್‌ನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಧ್ಯಾಹ್ನದ ಊಟ ಮುಗಿಸಿ ಅತ್ತೆ ಗೋಡೆಗೊರಗಿ ಕುಳಿತಿದ್ದಾರೆ. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಲೇ ಇದೆ. ತಸ್ಬೀಹ್ ಎಣಿಸುತ್ತಿದ್ದಾರೆಂದು ಸೊಸೆ ತಿಳಿದಿದ್ದಾಳೆ. ಆದರೆ ಕೈಯಲ್ಲಿ ತಸ್ಬೀಹ್ ಇಲ್ಲ. ರೊಟ್ಟಿ ಲಟ್ಟಿಸುವಾಗ ನಿಲ್ಲುವ ಆ ಚಲನೆ, ಕೈ ಮಡಿಲಿಗೆ ಬಂದೊಡನೆ ಮತ್ತೆ ಶುರು. ನಡಿಗೆ ನಿಧಾನವಾಗಿದೆ, ಸಜ್ದಾದಿಂದ ಏಳುವುದು ಕಷ್ಟ, ಮುಖದಲ್ಲಿ ನಗುವೇ ಇಲ್ಲ. ವಯಸ್ಸಾಯಿತು ಎನ್ನುತ್ತಾನೆ ಮಗ. ನನ್ನ ಮೇಲೆ ಮುನಿಸು ಎಂದುಕೊಳ್ಳುತ್ತಾಳೆ ಸೊಸೆ. ಇಬ್ಬರ ಊಹೆಯೂ ತಪ್ಪಿರಬಹುದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಾಯಿಲೆ ಇದು. ಮುಷ್ಟಿಯಿಂದ ಜಗತ್ತನ್ನೇ ಗೆದ್ದ ಮುಹಮ್ಮದ್ ಅಲಿಯವರಿಗೂ 1984ರಲ್ಲಿ ಇದೇ ಪತ್ತೆಯಾಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದಲೇ ಅವರು ಒಲಿಂಪಿಕ್ ಜ್ಯೋತಿ ಬೆಳಗಿಸಿದ್ದನ್ನು ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿರಬಹುದು.

ಮೆದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಪಟ್ಟಿಯಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿರುವುದು ಅದರಿಂದ. ಆ ಕೋಶಗಳು ಸಾಯುತ್ತಾ ಹೋದರೆ ನಡುಕ, ಬಿಗಿತ, ನಿಧಾನಗತಿ ಕಾಣಿಸುತ್ತವೆ. ಅವು ಏಕೆ ಸಾಯುತ್ತವೆ? ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಸಂಶಯದ ಬೆರಳು ಒಬ್ಬ ಕಾವಲುಗಾರನ ಕಡೆಗೂ ತಿರುಗಿದೆ.

ಅವನೇ ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ರಿಯೋ ಹೊರ್ಟೆಗಾ ಎಂಬ ವಿಜ್ಞಾನಿ ಈ ಕೋಶಗಳನ್ನು ಗುರುತಿಸಿದರು. ಮೆದುಳಿನ ರೋಗನಿರೋಧಕ ಪಡೆ ಇದು. ಸಣ್ಣ ಕೈಗಳನ್ನು ಚಾಚಿ ಸುತ್ತಮುತ್ತ ತಡಕುತ್ತಾ, ಸತ್ತ ಕೋಶಗಳ ಕಸವನ್ನು ನುಂಗಿ ಚೊಕ್ಕಟ ಮಾಡುತ್ತದೆ. ಪಾರ್ಕಿನ್ಸನ್‌ನಲ್ಲಿ ನರಕೋಶಗಳೊಳಗೆ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಕಟ್ಟುತ್ತದೆ. ಅದು ಹೊರಬಂದಾಗ ಮೈಕ್ರೋಗ್ಲಿಯಾ ಕೆರಳಿ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ. ಕಳ್ಳನಿಗೆಂದು ಬೀಸಿದ ದೊಣ್ಣೆ ಮನೆಯವರಿಗೂ ತಗಲುತ್ತದೆ. ಇನ್ನಷ್ಟು ನರಕೋಶಗಳು ಸಾಯುತ್ತವೆ, ಕಾವಲುಗಾರ ಇನ್ನಷ್ಟು ಕೆರಳುತ್ತಾನೆ.

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯ ಮಾದಕ ಚುಚ್ಚಿಕೊಂಡ ಕೆಲವು ಯುವಜನರು ದಿನಗಳೊಳಗೆ ಮರದ ಕೊರಡಿನಂತಾದರು. ಅಂತಹ ಮೂವರ ಮೆದುಳನ್ನು ಅವರ ಮರಣಾನಂತರ ಪರೀಕ್ಷಿಸಿದ ವರದಿ 1999ರಲ್ಲಿ ಬಂತು. ವಿಷ ಸೇರಿ 3ರಿಂದ 16 ವರ್ಷ ಕಳೆದಿದ್ದರೂ ಮೈಕ್ರೋಗ್ಲಿಯಾ ಇನ್ನೂ ಕೆರಳಿಯೇ ಇತ್ತು!

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಹುಡುಕಾಟ ನಡೆದಿದೆ. ಭ್ರೂಣದಿಂದ ಇಳಿವಯಸ್ಸಿನವರೆಗಿನ ಭಾರತೀಯರ ಮೆದುಳಿನ ಆ ಕಪ್ಪು ಪಟ್ಟಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಯಸ್ಸಾದಂತೆ ಮೈಕ್ರೋಗ್ಲಿಯಾದ ರೂಪ ಬದಲಾಗುವುದು ಕಂಡಿತಾದರೂ ಒಟ್ಟು ಬದಲಾವಣೆ ನಿರೀಕ್ಷಿಸಿದಷ್ಟು ತೀವ್ರವಾಗಿರಲಿಲ್ಲ. ಹಾಗಾದರೆ ಮುಪ್ಪು ಬೇರೆ, ಕಾಯಿಲೆ ಬೇರೆ ಎಂಬುದು ನನ್ನ ತಿಳುವಳಿಕೆ. 'ವಯಸ್ಸಾಯಿತು' ಎಂದು ಕೈಬಿಡಬೇಡಿ.

ಕೋಲಾರದ ಕಡೆ ಟೊಮೆಟೊ, ತರಕಾರಿ ಬೆಳೆಯುವವರಿಗೆ ಒಂದು ಮಾತು. ಪ್ಯಾರಾಕ್ವಾಟ್‌ನಂತಹ ಕಳೆನಾಶಕಕ್ಕೂ ಈ ಕಾಯಿಲೆಗೂ ನಂಟಿದೆಯೆಂದು ಹಲವು ಅಧ್ಯಯನಗಳು ಹೇಳಿವೆ. ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ ಕಾಯದೆ, ಔಷಧಿ ಹೊಡೆಯುವವರು ಕೈಗವಸು, ಮುಖಗವಸು ಹಾಕಿಕೊಳ್ಳಲಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ.

ಮೈಕ್ರೋಗ್ಲಿಯಾವನ್ನು ಶಾಂತಗೊಳಿಸಿ ಪಾರ್ಕಿನ್ಸನ್ ತಡೆಯುವ ಔಷಧಿ ಇನ್ನೂ ಬಂದಿಲ್ಲ. ಉರಿಯೂತವೆಂಬ ಮಾತು ಕೇಳಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಈಗಿರುವ ಮುಖ್ಯ ಔಷಧಿ ಲೆವೊಡೋಪಾ. ಅದನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಮಾಂಸ, ಬೇಳೆಯೊಂದಿಗೆ ಸೇರಿದರೆ ಮೈಗೆ ಹತ್ತುವುದು ಕಡಿಮೆ. ದಿನಕ್ಕೆ ಹಲವು ಬಾರಿ ಬೇಕಾಗುವುದರಿಂದ ರಮಝಾನ್‌ನಲ್ಲಿ ಹಿರಿಯರು ಯಾರಿಗೂ ಹೇಳದೆ ಮಾತ್ರೆ ಬಿಡುವುದುಂಟು. ಏಕಾಏಕಿ ನಿಲ್ಲಿಸಿದರೆ ಜ್ವರ, ವಿಪರೀತ ಬಿಗಿತ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿಯಿದೆ ಎಂಬುದನ್ನು ಅವರಿಗೆ ಪ್ರೀತಿಯಿಂದ ನೆನಪಿಸಿ, ತಿಂಗಳ ಮೊದಲೇ ವೈದ್ಯರನ್ನು ಕೇಳಿ.

ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಅಗತ್ಯಬಿದ್ದರೆ ಟೇಕಲ್‌ನಿಂದ ಬೆಂಗಳೂರಿಗೆ ರೈಲು ಇದ್ದೇ ಇದೆ. ಹೊರಡುವ ಮುನ್ನ ಅತ್ತೆ ಅಂಗಳದಲ್ಲಿ ನಡೆಯುವುದನ್ನೂ ಸುಮ್ಮನೆ ಕುಳಿತಾಗ ಅವರ ಬೆರಳುಗಳನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ವೈದ್ಯರ ಮುಂದೆ ಕೈ ಕೆಲವೊಮ್ಮೆ ನಡುಗುವುದೇ ಇಲ್ಲ.