ಬೆಳ್ಳಿಯ ಸೂಕ್ಷ್ಮಕಣ ಮತ್ತು ಅರ್ಬುದ ರೋಗ

ಬೇವು, ತುಳಸಿಯಂತಹ ಸಸ್ಯಗಳ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಸಸ್ಯಸತ್ವಗಳು ಕರಗಿದ ಬೆಳ್ಳಿಯನ್ನು ಮಿಲಿಮೀಟರಿನ 10,000ದಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದಾದ ನ್ಯಾನೊಕಣಗಳನ್ನಾಗಿಸುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಸೇರಿ ಅನೇಕ ಕಡೆ ಈ ಸಂಶೋಧನೆ ನಡೆದಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಅರ್ಬುದ ಕೋಶಗಳನ್ನು ಇಂತಹ ಕಣಗಳು ಕೊಲ್ಲಬಲ್ಲವು.

ಇದನ್ನು ಕೇಳಿದೊಡನೆ ಕೆಲವರು, ‘ಇದೇ ನಮ್ಮ ರಜತಭಸ್ಮ’ ಎನ್ನುತ್ತಾರೆ. ರಸಶಾಸ್ತ್ರದಲ್ಲಿಯೂ ಲೋಹವನ್ನು ಸಸ್ಯರಸದೊಡನೆ ಅರೆದು ಪುಟವಿಡುವುದುಂಟು. ಆದರೆ ಅಗ್ನಿಪಕ್ವವಾದ ಭಸ್ಮ ಬೇರೆ, ದ್ರಾವಣದಲ್ಲಿ ಮೂಡಿದ ಕಣ ಬೇರೆ. ಹೋಲಿಕೆಯು ಪ್ರಮಾಣವಲ್ಲ. ತಟ್ಟೆಯಲ್ಲಿ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. ಈ ಕಣಗಳು ಆರೋಗ್ಯವಂತ ಕೋಶಗಳಿಗೂ ಹಾನಿ ಮಾಡಬಲ್ಲವು. ಸಸ್ಯಗಳಿಂದ ಸಿದ್ಧಪಡಿಸಿದ ಲೋಹಕಣಗಳ ಯಾವ ಔಷಧವೂ ಅರ್ಬುದ ಚಿಕಿತ್ಸೆಗೆ ಇನ್ನೂ ಅಂಗೀಕೃತವಾಗಿಲ್ಲ.

ಸಸ್ಯದ ಶಕ್ತಿ ಸುಳ್ಳಲ್ಲ. ನಮ್ಮ ಹಿತ್ತಲಿನ ನಿತ್ಯಪುಷ್ಪದಿಂದ ದೊರೆತ ವಿನ್‌ಕ್ರಿಸ್ಟೀನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಇಂದಿಗೂ ಮಕ್ಕಳ ರಕ್ತದ ಅರ್ಬುದಕ್ಕೆ ಬಳಕೆಯಲ್ಲಿದೆ. ಆ ಸ್ಥಾನ ಅದಕ್ಕೆ ದೊರೆತದ್ದು ಶುದ್ಧೀಕರಣ, ಮಾತ್ರಾನಿರ್ಣಯ ಹಾಗೂ ರೋಗಿಗಳಲ್ಲಿ ನಡೆದ ಪರೀಕ್ಷೆಗಳಿಂದ.

ಆದ್ದರಿಂದ ಕೆಂಪಾಪುರದ ಸುತ್ತಲಿನ ಸದ್ಭಕ್ತರಲ್ಲಿ ವಿನಂತಿ: ಎಲೆಯಡಿಕೆ, ಹೊಗೆಸೊಪ್ಪು ಹಾಕುವವರ ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ‘ನ್ಯಾನೊ’ ಹೆಸರಿನ ಪುಡಿಯನ್ನು ಅರಸದೆ ತಪಾಸಣೆಗೆ ಹೋಗಿರಿ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಹಸಿವು, ನಿದ್ರೆ, ಬಲಗಳ ರಕ್ಷಣೆಗೆ, ಅಲ್ಲಿನ ವೈದ್ಯರಿಗೆ ತಿಳಿಸಿ, ಆಯುರ್ವೇದದ ನೆರವು ಪಡೆಯಬಹುದು. ಆದರೆ ಅವರ ಚಿಕಿತ್ಸೆಯನ್ನು ಬಿಡಬಾರದು. ಶರಣ ವೈದ್ಯ ಸಂಗಣ್ಣನವರಿಗೆ ಚಿಕಿತ್ಸೆಯೇ ಕಾಯಕವಾಗಿತ್ತು. ಆ ಕಾಯಕದಲ್ಲಿ ಸುಳ್ಳು ಭರವಸೆಗೆ ಎಡೆಯಿಲ್ಲ.