ಮನೆಯ ಹತ್ತಿರದ ಮೋಡ

ಗುಡುಗು ಕೇಳಿದೊಡನೆ ಕಿಟಕಿ ಮುಚ್ಚುವ ಜಾತಿಯವರು ನಾವು. ಅಮೆರಿಕೆಯ ಓಕ್ಲಹೋಮ, ಕ್ಯಾನ್ಸಸ್ ಸೀಮೆಗಳಲ್ಲಿ ಇನ್ನೊಂದು ಬಗೆಯ ಜನರಿದ್ದಾರೆ. ಏಪ್ರಿಲ್, ಮೇ ತಿಂಗಳು ಬಂದಿತೆಂದರೆ ಸುಂಟರಗಾಳಿಯನ್ನು ಹುಡುಕಿಕೊಂಡು ಕಾರು ಹತ್ತಿ ಹೊರಡುತ್ತಾರೆ. ಹುಚ್ಚೆಂದೀರಿ. ಆದರೆ ಈ ಹುಚ್ಚಿಗೂ ಒಂದು ಲೆಕ್ಕವಿದೆ, ವಾಚಕರೇ! ದೊಡ್ಡ ಬಿರುಗಾಳಿ ಖಂಡಿತವೆಂಬ ದಿನ ಆ ಲೆಕ್ಕ ಸುಲಭ. ಬಂದೀತೋ ಬಾರದೋ ಎಂಬ ದಿನವೇ ಕಷ್ಟ.

ಓಕ್ಲಹೋಮದ ನಾರ್ಮನ್ ಊರಿನಲ್ಲಿ ಸರಕಾರದ ಬಿರುಗಾಳಿ ಮುನ್ಸೂಚನೆಯ ಕೇಂದ್ರವಿದೆ. 2014ರಿಂದ ಅದು ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಹೇಳುತ್ತ ಬಂದಿದೆ. ತೀರ ಕೆಳಗಿನದು ‘ಮಾರ್ಜಿನಲ್’. ಸುಂಟರಗಾಳಿಯ ಮಟ್ಟಿಗೆ ಇದರ ಅರ್ಥ, ನೀವಿರುವ ಜಾಗದ ಸುತ್ತ 25 ಮೈಲಿಯೊಳಗೆ ಒಂದು ಏಳುವ ಸಂಭವ ನೂರಕ್ಕೆ ಎರಡು. ಇಷ್ಟಕ್ಕಾಗಿ 500 ಮೈಲಿ ಯಾರು ಹೋದಾರು? ಆದರೆ ಅದೇ ಮಾತು ಮನೆಯಿಂದ ಒಂದು ಗಂಟೆಯ ದಾರಿಗೆ ಅನ್ವಯಿಸಿದರೆ ಮನಸ್ಸು ತೂಗಾಡುತ್ತದೆ. ಪೆಟ್ರೋಲು ಅಲ್ಪ, ಕೆಲಸ ಮುಗಿಸಿ ಹೋದರೂ ರಾತ್ರಿಯ ಊಟಕ್ಕೆ ಮರಳಬಹುದು.

ಆಗ ಅವರು ನೋಡುವುದು ಬೆಳಗಿನ ಬಲೂನು ತಂದ ಅಳತೆಗಳನ್ನು. ಮೆಕ್ಸಿಕೊ ಕೊಲ್ಲಿಯಿಂದ ಬಂದ ತೇವದ ಗಾಳಿ ನೆಲದ ಬಳಿ ಇರುತ್ತದೆ. ಅದರ ಮೇಲೆ, ಪಶ್ಚಿಮದ ಎತ್ತರದ ಒಣನಾಡಿನಿಂದ ಬಂದ ಬಿಸಿಗಾಳಿ, ಎಸರಿನ ಪಾತ್ರೆಗೆ ತಟ್ಟೆ ಮುಚ್ಚಿದಂತೆ ಕುಳಿತಿರುತ್ತದೆ. ತಟ್ಟೆ ಬಿಗಿಯಾಗಿದ್ದರೆ ಸಂಜೆಯವರೆಗೂ ನೀಲಿ ಆಕಾಶ. ಬೇಟೆಗೆ ಹೋದವರು ಬರಿಗೈಲಿ ಮರಳಬೇಕು. ಹೆಚ್ಚಾಗಿ ಆಗುವುದು ಇದೇ. ಆದರೆ ಎಲ್ಲೋ ಒಂದು ಕಡೆ ತಟ್ಟೆ ಸಡಿಲಿತೆನ್ನಿ. ಒಂದೇ ಒಂದು ಮೋಡ ಮೇಲೇರಿ, ಪಂಕ್ತಿಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ಸುತ್ತಲಿನ ತೇವವನ್ನೆಲ್ಲ ತಾನೊಂದೇ ಉಣ್ಣುತ್ತದೆ. ಮೇಲೇರಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ ಆ ಮೋಡ ತಿರುಗಲಾರಂಭಿಸುತ್ತದೆ.

ಹತ್ತಿರದ್ದು, ಸಣ್ಣದ್ದು ಎಂಬ ಸಲಿಗೆ ಇಲ್ಲಿ ಸಲ್ಲದು. ದಶಕಗಳ ಅನುಭವವಿದ್ದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಮಡಿದರು. ಅದು ದೊಡ್ಡ ಅಪಾಯವೆಂದು ಸಾರಿದ್ದ ದಿನವೇ ನಿಜ. ಆದರೂ ನೋಡುನೋಡುತ್ತ ದಿಕ್ಕು ಬದಲಿಸಿ 2.6 ಮೈಲಿ ಅಗಲಕ್ಕೆ ಹಿಗ್ಗಿದ ಸುಂಟರಗಾಳಿಯ ಮುಂದೆ ಆ ಅನುಭವ ಸಾಲಲಿಲ್ಲ.

ಹಾಗಾದರೆ ಹೋಗುವುದೇಕೆ? ನನಗೆ ಒಪ್ಪಿಗೆಯಾದ ಕಾರಣ ಒಂದಿದೆ. ಭೂಮಿ ಗುಂಡಗಿರುವುದರಿಂದ ದೂರದ ರೇಡಾರಿನ ಕಿರಣ ನೆಲದ ಬಳಿಯದನ್ನು ಕಾಣದೆ ಮೇಲಿಂದ ಹಾದುಹೋಗುತ್ತದೆ. ಮೋಡದ ಬುಡ ಕಾಣಲು ಮನುಷ್ಯನ ಕಣ್ಣೇ ಬೇಕು. ದೊಡ್ಡ ದಿನಗಳಲ್ಲಾದರೆ ರಸ್ತೆಯ ತುಂಬ ಕಣ್ಣುಗಳು. ನೂರಕ್ಕೆ ಎರಡರ ದಿನ ಹೊರಟವನೊಬ್ಬನಿದ್ದರೆ ಅದೇ ಹೆಚ್ಚು. ಅಲ್ಲಿಯ ಬಿರುಗಾಳಿಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಮೋಡ ನೋಡಲು ಊರಿನ ಪಶ್ಚಿಮಕ್ಕೆ ಹೋದವನ ಬೆನ್ನಿಗೆ ಅವನದೇ ಮನೆ, ಹೆಂಡತಿ ಮಕ್ಕಳು. ಮೋಡದ ಬುಡ ತಿರುಗುವುದನ್ನು ಕಂಡಾಗ ಅವನು ಕ್ಯಾಮೆರಾ ಬದಿಗಿಟ್ಟು ಮೊದಲು ಹವಾಮಾನ ಕಚೇರಿಗೆ ಫೋನು ಮಾಡುತ್ತಾನೆ, ಆಮೇಲೆ ಮನೆಗೆ.