ಬಿಕಾಂ ಕಣ್ಣಲ್ಲಿ ಸೈನ್ಸ್ – 7: ಮದ್ದು ರೆಡಿ, ಗಾಡಿ ಎಲ್ಲಿ?

"16 ಕೋಟಿ ಇಂಜೆಕ್ಷನ್" ಸ್ಟೋರಿ ನೀವೂ ಶೇರ್ ಮಾಡಿರ್ತೀರ. ಎಸ್‌ಎಂಎ ಇರೋ ಪುಟ್ಟ ಮಕ್ಕಳಿಗೆ ಕೊಡೋ ಝೊಲ್ಗೆನ್ಸ್ಮಾ ಅದು. ಅದರೊಳಗಿನ ಸರಕು ಒಂದು ಜೀನ್. ಅದನ್ನ ಜೀವಕೋಶದೊಳಗೆ ಹೊತ್ತೊಯ್ಯೋ ಗಾಡಿ, ರೋಗ ತರದ ಹಾಗೆ ಬದಲಾಯಿಸಿದ ವೈರಸ್. ಅದನ್ನ ಜೀವಂತ ಕೋಶಗಳಲ್ಲಿ ಬೆಳೆಸಿ, ಶುದ್ಧ ಮಾಡಿ ತೆಗೀಬೇಕು. ಬೆಲೆಗೆ ಇದೊಂದೇ ಕಾರಣ ಅಲ್ಲ, ಆದ್ರೆ ಇದೂ ಒಂದು ಕಾರಣ.

ನನ್ನ ವಾದ ಇಷ್ಟೇ: ಮದ್ದು ಕಂಡುಹಿಡಿದವರಿಗೆ ಚಪ್ಪಾಳೆ ಹೊಡೀತೀವಿ, ಗಾಡಿ ಕಟ್ಟೋರ ಹೆಸರೂ ಕೇಳಲ್ಲ. ಇದು ತಪ್ಪು ಲೆಕ್ಕ.

ಒಂದು ಗಾಡಿ ನೋಡಿ. 1993ರಲ್ಲಿ ಜಪಾನಿನ ಅಕಿಯೋಶಿ, ಸುನಾಮೊಟೊ ತಂಡ ಪುಲ್ಲುಲಾನ್ ಅನ್ನೋ ಸಕ್ಕರೆ ಸರಪಳಿಗೆ ಅಲ್ಲಲ್ಲಿ ಕೊಲೆಸ್ಟ್ರಾಲ್ ಅಂಟಿಸ್ತು. ಪುಲ್ಲುಲಾನ್ ಅಂದ್ರೆ ಬಾಯಲ್ಲಿ ಕರಗೋ ಮೌತ್ ಫ್ರೆಶ್‌ನರ್ ಪಟ್ಟಿಗಳಲ್ಲಿ ಬಳಸೋ ಪದಾರ್ಥ. ಅದಕ್ಕೆ ನೀರು ಇಷ್ಟ, ಕೊಲೆಸ್ಟ್ರಾಲ್‌ಗೆ ಆಗಲ್ಲ. ನೀರಿಗೆ ಹಾಕಿದ್ರೆ ಸಾರಿನ ಮೇಲಿನ ಎಣ್ಣೆ ಹನಿಗಳ ಹಾಗೆ ಕೊಲೆಸ್ಟ್ರಾಲ್ ತುದಿಗಳು ಒಂದಕ್ಕೊಂದು ಅಂಟ್ಕೊಳ್ತವೆ, ಸರಪಳಿ ಸುತ್ತ ಸುತ್ಕೊಳ್ಳುತ್ತೆ. 20–30 ನ್ಯಾನೋಮೀಟರ್‌ನ ಮೆತ್ತನೆ ಉಂಡೆ ತಾನಾಗೇ ರೆಡಿ. ಇದೇ ನ್ಯಾನೋಜೆಲ್. ಪ್ರೋಟೀನ್ ಹಾಕಿದ್ರೆ ಒಳಗೆ ಹಿಡಿದಿಟ್ಕೊಳ್ಳುತ್ತೆ. ಕ್ಯಾನ್ಸರ್ ಲಸಿಕೆಯ ಪ್ರೋಟೀನ್ ತುಂಬಿ ಮನುಷ್ಯರ ಮೇಲೆ ಪರೀಕ್ಷೆನೂ ಮಾಡಿದ್ದಾರೆ.

ಆದ್ರೆ ಬಾಗಿಲು ತಲುಪಿದ್ರೆ ಡೆಲಿವರಿ ಮುಗೀತು ಅಂತಲ್ಲ. ಕೋಶ ಇಂಥ ಕಣವನ್ನ ನುಂಗಿ ಒಂದು ಚೀಲದಲ್ಲಿ ಕೂಡಿಹಾಕುತ್ತೆ. ಅಲ್ಲಿಂದ ತಪ್ಪಿಸ್ಕೊಳ್ಳದಿದ್ರೆ ಸರಕು ಅಲ್ಲೇ ಜೀರ್ಣ. ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳು ಕೊಬ್ಬಿನ ಕಣದಲ್ಲಿ ಬಂದವಲ್ಲ, ಆ ಜಾತಿಯ ಕಣಗಳನ್ನ 2013ರಲ್ಲಿ ಅಳೆದಾಗ ಪಾರಾಗಿದ್ದು ನೂರಕ್ಕೆ ಒಂದೆರಡು ಭಾಗ ಸರಕು ಮಾತ್ರ. ಕಾಸ್ಟಿಂಗ್ ಕ್ಲಾಸ್ ನೆನಪು ಮಾಡ್ಕೊಳ್ಳಿ: ನೂರು ಪಾರ್ಸೆಲ್‌ನಲ್ಲಿ 98 ಕಳೆದುಹೋದ್ರೆ, ಅಷ್ಟೂ ಖರ್ಚು ತಲುಪಿದ ಎರಡರ ತಲೆ ಮೇಲೆ.

ನಾಳೆನೇ ನ್ಯಾನೋಜೆಲ್ ಬಂದು ಆ 16 ಕೋಟಿ ಇಳಿಸುತ್ತೆ ಅಂತ ನಾನು ಹೇಳ್ತಿಲ್ಲ. ಆ ದೂರ ಇನ್ನೂ ಬಹಳ ಇದೆ. ಆದ್ರೆ ನೀರಲ್ಲಿ ತಾನೇ ಕಟ್ಕೊಳ್ಳೋ ಗಾಡಿಗೆ ದೊಡ್ಡ ಫ್ಯಾಕ್ಟರಿಯ ಹಂಗು ಕಡಿಮೆ ಆಗಬಹುದು. ಸಂಶೋಧನೆಯ ದುಡ್ಡು ಅಲ್ಲಿಗೂ ಹೋಗ್ಬೇಕು. ತಲುಪದ ಮದ್ದು ಎಷ್ಟು ಒಳ್ಳೇದಾದ್ರೇನು?

ಫಂಡ್‌ರೈಸರ್ ಶೇರ್ ಮಾಡೋದು ನಿಲ್ಲಿಸ್ಬೇಡಿ, ಇವತ್ತಿನ ಮಗುವಿಗೆ ಅದೇ ದಾರಿ. ಜೊತೆಗೆ ಈ ಪ್ರಶ್ನೆನೂ ಶೇರ್ ಮಾಡಿ: ಮುಂದಿನ ಮಗುವಿಗೆ ಅಗ್ಗದ ಗಾಡಿ ಯಾರು ಕಟ್ತಿದ್ದಾರೆ?

ಒಪ್ಪಲ್ವಾ? ಕಾಮೆಂಟ್‌ಗೆ ಬನ್ನಿ, ಜಗಳ ಆಡೋಣ.

#ಬಿಕಾಂಕಣ್ಣಲ್ಲಿಸೈನ್ಸ್ #ಕನ್ನಡದಲ್ಲಿವಿಜ್ಞಾನ